ಹಾರುವ ಹಲಗೆಗೊಂದು ಚಕ್ಕೆ

ಮೊನ್ನೆ ಅರಿವೆ ಒಗೆಯಲು ಕೂತಿದ್ದ ನನ್ನ ಹೆಂಡತಿ ಶಾಂತಾ, ನನ್ನ ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೂರನ್ನು ತೆಗೆದು ತಂದು ನನ್ನ ಮುಂದೆ ಹಿಡಿದಳು. ಹೆಬ್ಬೆರಳಿನಷ್ಟು ಉದ್ದ, ಒಂದು ಅಂಚು ಮಂದ, ಇನ್ನೊಂದು ಅಂಚು ಉಜ್ಜಿ ಉಜ್ಜಿ ಉಗುರಿನಷ್ಟು ತೆಳುವಾದದ್ದು, ನಡುವೆ ಎರಡು ತೂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಜೇಬಿನಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿದ್ದರೆ ಅವಳು ಸುಮ್ಮನೆ ಎಸೆಯುತ್ತಿದ್ದಳು. ಇದು ಏನೆಂದು ಅವಳಿಗೂ ಗೊತ್ತು. ಗೊತ್ತಿದ್ದೂ, ಇದನ್ನು ಚೆಲ್ಲಬೇಕೋ ಇಡಬೇಕೋ ಎಂದು ಕೇಳಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚುತ್ತಾಳೆ. ಅವಳು ಅದನ್ನು ಕಿಟಕಿಯಲ್ಲಿಟ್ಟು ಹೋದಳು.

ನೀವು ರಬಕವಿ-ಬನಹಟ್ಟಿ ಕಡೆಯವರಲ್ಲದಿದ್ದರೆ ಇದರ ಮಹಿಮೆಯನ್ನು ಸ್ವಲ್ಪ ಹೇಳಬೇಕಾಗುತ್ತದೆ. ಸೀರೆಯ ಸೆರಗಿನಲ್ಲಿ ಎಲ್ಲಿ ಹೂವು ಬರಬೇಕು, ಎಲ್ಲಿ ನವಿಲು ಕೂರಬೇಕು ಎಂದು ಮಗ್ಗಕ್ಕೆ ಹೇಳಿಕೊಡುವುದು ತೂತು ಹೊಡೆದ ಪಟ್ಟಿಗಳು. ಮೊದಲು ರಟ್ಟಿನವಿದ್ದವು, ಆಮೇಲೆ ಪ್ಲಾಸ್ಟಿಕ್ಕಿನವು ಬಂದವು. ಆ ನಮೂನೆಯ ಸೀರೆ ಪೇಟೆಯಲ್ಲಿ ಓಡುವುದು ನಿಂತಿತೆಂದರೆ ಪಟ್ಟಿಗಳ ಕಟ್ಟು ಅಟ್ಟ ಸೇರುತ್ತದೆ. ಅಟ್ಟ ಸೇರಿದ್ದು ವರ್ಷಗಟ್ಟಲೆ ಚೂರುಚೂರಾಗಿ ಕೆಳಗಿಳಿಯುತ್ತದೆ. ಮಂಚದ ಕಾಲು ಕುಂಟಿದರೆ ಒಂದು ಚೂರು, ಗ್ಯಾಸಿನ ಒಲೆ ಅಲುಗಾಡಿದರೆ ಎರಡು. ಇದಕ್ಕೆ ನಾವು ಚಕ್ಕೆ ಕೊಡುವುದು ಅನ್ನುತ್ತೇವೆ. ಬೇರೆ ಊರಿನವರು ಬಡಗಿಯನ್ನು ಕರೆಸುವ ಕಡೆಯಲ್ಲಿ ನಾವು ಚಕ್ಕೆ ಕೊಡುತ್ತೇವೆ. ನಮ್ಮ ಮನೆಯ ದೇವರ ಮಣೆಯ ಕೆಳಗೂ ಮೂರಿದ್ದವು. ಹೆಣ್ಣು ನೋಡಲು ಬಂದ ಬೀಗರ ಕುರ್ಚಿ ಅಲುಗಾಡಿದರೆ, ನಡೆಯುತ್ತಿರುವ ಮಾತು ಮುರಿಯದ ಹಾಗೆ ಮನೆಯವರೊಬ್ಬರು ಬಗ್ಗಿ ಚಕ್ಕೆ ಕೊಟ್ಟು ಏಳುತ್ತಾರೆ. ಬೀಗರೂ ನಮ್ಮ ಊರಿನವರೇ ಆದರೆ, ಮಾತು ನಿಲ್ಲಿಸದೆಯೇ ಅರ್ಧ ಎದ್ದು ಸಹಕರಿಸುತ್ತಾರೆ.

ಜೇಬಿನಲ್ಲಿ ಸಿಕ್ಕ ಈ ಚಕ್ಕೆಯನ್ನು ಮಾಡಿದವನು ನನ್ನ ಅಣ್ಣ ಗುರುಸಿದ್ದಪ್ಪ. ನನಗಿಂತ ನಾಲ್ಕು ವರ್ಷಕ್ಕೆ ಹಿರಿಯ, ಮುಧೋಳದ ಬೇಟೆನಾಯಿಯ ಹಾಗೆ ಸಣಕಲು, ಮಾತು ಅದಕ್ಕಿಂತ ಕಡಿಮೆ. ರಬಕವಿಯಲ್ಲಿ ಅವನು ಜಾಬರ್ ಆಗಿದ್ದ. ಅಂದರೆ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡಿ ಹದಕ್ಕೆ ತರುವವನು. ಓಣಿಯಲ್ಲಿ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ, ಸೈಕಲ್ ಮೇಲೆ ಹೋಗುತ್ತಿದ್ದವನು ಒಂದು ಕಾಲು ನೆಲಕ್ಕೆ ಕೊಟ್ಟು ನಿಂತು, ಮೂರನೆಯ ಮನೆಯ ಕಿಟಕಿಗೆ ಮುಖ ಮಾಡಿ, ಒಳಗಿನ ಮಗ್ಗದ ಎಡಗಡೆಯ ಬೋಲ್ಟು ಸಡಿಲಾಗಿದೆ ಎಂದು ಹೇಳಿ ಮುಂದೆ ಹೋಗುತ್ತಿದ್ದ. ಅವರು ಹೋಗಿ ನೋಡಿದರೆ ಸಡಿಲಾಗಿರುತ್ತಿತ್ತು. ನಮ್ಮೂರಿನಲ್ಲಿ ಎಲ್ಲರ ಕಿವಿಯೂ ಸ್ವಲ್ಪ ಹಾಗೆಯೇ. ಕರೆಂಟು ಹೋಗಿ ಸಪ್ಪಳ ನಿಂತರೆ ತೊಟ್ಟಿಲಲ್ಲಿ ಮಲಗಿದ ಕೂಸುಗಳು ಬೆಚ್ಚಿ ಎದ್ದು ಅಳುತ್ತವೆ. ನೌಕರಿಗೆಂದು ಜಮಖಂಡಿಗೆ ಬಂದ ಹೊಸದರಲ್ಲಿ ನನಗೂ ಆ ಊರಿನ ಸುಮ್ಮನಿರುವಿಕೆಗೆ ಹೊಂದಿಕೊಳ್ಳಲು ತಿಂಗಳು ಹಿಡಿಯಿತು.

ಅಣ್ಣ ಏಳನೇ ಇಯತ್ತೆಗೆ, ಅಂದರೆ ಏಳನೇ ತರಗತಿಗೆ, ಶಾಲೆ ಬಿಟ್ಟ. 'ಬಿಟ್ಟ' ಅನ್ನುವುದು ನಮ್ಮ ಮನೆಯಲ್ಲಿ ನಾವು ಬಳಸುವ ಸಭ್ಯ ಮಾತು. ಅಪ್ಪನ ಕುಣಿಮಗ್ಗದ ದುಡಿಮೆಯಲ್ಲಿ ಇಬ್ಬರನ್ನು ಓದಿಸುವುದು ಸಾಧ್ಯವಿರಲಿಲ್ಲ. ಒಬ್ಬನನ್ನು ಮಗ್ಗದ ಕುಣಿಗೆ ಇಳಿಸಬೇಕಿತ್ತು. ಲೆಕ್ಕದಲ್ಲಿ ಅವನು ಚುರುಕು. ನಾನು ಬಾಯಲ್ಲಿ ಚುರುಕು. ಮನೆಗೆ ಬಂದ ಮಾಸ್ತರರ ಎದುರಿಗೆ ನಾನು ಹದಿನೈದರ ಮಗ್ಗಿಯನ್ನು ತಪ್ಪುತಪ್ಪಾಗಿ, ಆದರೆ ಬಲು ಧೈರ್ಯದಿಂದ ಒದರಿದ್ದೆ. ಅಣ್ಣ ಮೂಲೆಯಲ್ಲಿ ನಿಂತು ನನ್ನ ತಪ್ಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದ, ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಅಪ್ಪ, "ಇಂವಾ ಮಾತಾಡ್ತಾನ, ಇಂವಾ ಓದ್ಲಿ" ಅಂದ. ನನ್ನ ಇಡೀ ಜೀವನ ಆ ಒಂದು ತಪ್ಪು ತಿಳುವಳಿಕೆಯ ಮೇಲೆ ನಡೆದಿದೆ.

ಭಾರದ ಲೆಕ್ಕ ಮಾತ್ರ ಅಣ್ಣನಿಗೆ ಯಾರೂ ಕಲಿಸಬೇಕಿರಲಿಲ್ಲ. ಹೊಳೆ ತುಂಬಿ ಬಂದಾಗ ಆಚೆ ದಂಡೆಗೆ ಹೋಗುವ ತುರ್ತಿದ್ದರೆ, ಬೆಲ್ಲ ಕುದಿಸುವ ದೊಡ್ಡ ಕಡಾಯಿಯನ್ನೇ ನೀರಿಗಿಳಿಸಿ ಕೂತು ಹೋಗುವ ರೂಢಿ ನಮ್ಮ ಕಡೆ ಇದೆ. ಕಡಾಯಿಗೆ ಮುಂದು ಹಿಂದು ಎಂಬುದಿಲ್ಲ. ಯಾರು ಎಲ್ಲಿ ಕೂತರು ಅನ್ನುವುದರ ಮೇಲೆಯೇ ಎಲ್ಲ. ಆಚೆ ದಂಡೆಯ ಊರಿನಲ್ಲಿದ್ದ ನಮ್ಮ ಸೋದರತ್ತೆ ಹಡೆದಿದ್ದಾಗ ನಾವಿಬ್ಬರೂ ಹಾಗೆ ಹೋಗಿದ್ದೆವು. ಅಣ್ಣನಿಗೆ ಆಗ ಹದಿನಾರು. ತೇರದಾಳದ ಕಡೆಯ ಒಬ್ಬ ದಪ್ಪನೆಯ ವ್ಯಾಪಾರಿಯೂ ಇದ್ದರು. ಅಣ್ಣ ಅವರನ್ನು ಗೌರವದಿಂದಲೇ ಎಬ್ಬಿಸಿ, ನಡುವಿನಿಂದ ಗೇಣು ಈಚೆಗೆ ಕೂರಿಸಿ, ಅವರ ಎದುರಿಗೆ ಗೋಧಿ ಚೀಲವನ್ನೂ ಚೀಲದ ಮೇಲೆ ನನ್ನನ್ನೂ ಇಟ್ಟ. ಕಡಾಯಿ ತಟ್ಟೆಯಲ್ಲಿಟ್ಟ ಹಾಲಿನಂತೆ ಹೋಯಿತು. ನಡುಹೊಳೆಯಲ್ಲಿ ನಾನು, ನೀರಿನಲ್ಲಿ ವಸ್ತು ತೇಲುವುದೇಕೆ ಎಂದು ವ್ಯಾಪಾರಿಗೆ ವಿವರಿಸಲು ಎದ್ದು ನಿಂತೆ. ಕಡಾಯಿ ವಾಲಿತು, ಗೋಧಿ ತೋಯಿತು. ವ್ಯಾಪಾರಿ ಬೈದದ್ದು ಅಣ್ಣನನ್ನು. ಆಗಲೂ ಅವನು ಬಾಯಿ ಬಿಡಲಿಲ್ಲ.

ಹೀಗೆ ಅಣ್ಣನ ಜೀವ ಮಗ್ಗಗಳ ಸಪ್ಪಳದಲ್ಲೇ ಅರವತ್ತು ದಾಟಿತು. ಆಮೇಲೆ ಹೊರಗಿನಿಂದ ಅಗ್ಗದ ಸೀರೆ ಬಂತು, ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು, ಅವನ ಸ್ವಂತದ ನಾಲ್ಕೂ ಗುಜರಿಗೆ ಹೋದವು. ಅವನಿಗೆ ಊಟಕ್ಕೇನೂ ತೊಂದರೆ ಇರಲಿಲ್ಲ, ಮಗ ಸಮೀರವಾಡಿಯ ಕಡೆ ಕೆಲಸದಲ್ಲಿದ್ದಾನೆ. ತೊಂದರೆ ಇದ್ದದ್ದು ಕೈಗಳಿಗೆ. ಅವನು ಮನೆಯ ಬಾಗಿಲುಗಳ ತಿರುಪುಗಳನ್ನೆಲ್ಲ ಬಿಗಿ ಮಾಡಿದ, ಆಮೇಲೆ ಕಿಟಕಿಗಳದು, ಆಮೇಲೆ ನೆರೆಮನೆಯವರದು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮನೆಯ ಯಾವ ಡಬ್ಬಿಯ ಮುಚ್ಚಳವೂ ಈಗ ತೆರೆಯುವುದಿಲ್ಲ, ಉಪ್ಪು ಬೇಕೆಂದರೂ ಗಂಡನನ್ನು ಕೂಗಬೇಕು ಎಂದು ಫೋನಿನಲ್ಲಿ ದೂರಿದರು. ಎಲ್ಲಿಗಾದರೂ ಕರೆದುಕೊಂಡು ಹೋಗಿ ಮಾಸ್ತರ್ರ ಎಂದರು. ನಾನು ನಕ್ಕೆ. ನಗುವಂಥದ್ದೇನೂ ಇರಲಿಲ್ಲ.

ಅದೇ ಹೊತ್ತಿಗೆ ಒಂದು ಮದುವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಮಹಾಂತೇಶ ಸಿಕ್ಕ. ಬೀಳಗಿಯ ಕಡೆ ಹಿನ್ನೀರಿನ ದಂಡೆಯಲ್ಲಿ ಖಾಸಗಿಯವರು ಒಂದು ಜಲಕ್ರೀಡೆಯ ಕೇಂದ್ರ ಮಾಡಿದ್ದಾರೆ, ಅದರ ಮೇಲ್ವಿಚಾರಕ ಅವನು. ಅವನ ಊರು ಇದೇ ನೀರಿನ ಕೆಳಗಿದೆ. ಮುಳುಗಿದ ಊರಿನ ಮೇಲೆ ದೋಣಿ ಓಡಿಸುವ ಕೆಲಸ ಸಿಕ್ಕಿದೆ ಎಂದು ಅವನೇ ಹೇಳಿಕೊಂಡು ನಗುತ್ತಾನೆ. ಅಲ್ಲಿಗೆ ಹೊಸದಾಗಿ ಹೈಡ್ರೋಫಾಯಿಲ್ ಎಂಬ ಹಲಗೆಗಳು ಬಂದಿದ್ದವು. ಮೇಲೆ ಮನುಷ್ಯ ನಿಲ್ಲುವ ಹಲಗೆ. ಅದರ ಹೊಟ್ಟೆಯಿಂದ ನೀರೊಳಗೆ ಇಳಿಯುವ ಒಂದು ಕಂಬ. ಕಂಬದ ತುದಿಗೆ, ವಿಮಾನಕ್ಕಿರುವ ಹಾಗೆ, ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಸಣ್ಣ ರೆಕ್ಕೆ. ಬ್ಯಾಟರಿಯ ಮೋಟಾರು ತಳ್ಳುತ್ತದೆ. ವೇಗ ಬಂದಾಗ ರೆಕ್ಕೆ ಹಲಗೆಯನ್ನು ಎತ್ತುತ್ತದೆ. ಸವಾರ ನೀರಿಗಿಂತ ಮೊಳ ಎತ್ತರದಲ್ಲಿ ಸದ್ದಿಲ್ಲದೆ ಹೋಗುತ್ತಾನೆ. ಹೋಗಬೇಕು. ಅಲ್ಲಿ ಮಾತ್ರ ಹಲಗೆ ಕುದುರೆಯಂತೆ ಮುಂಗಾಲೆತ್ತಿ, ಸವಾರನನ್ನು ಬೆನ್ನಹಿಂದೆ ಚೆಲ್ಲಿ, ತಾನೂ ಬೀಳುತ್ತಿತ್ತು. ಸರ್ ನೀವೊಮ್ಮೆ ಬಂದು ನೋಡಬೇಕು, ನಮಗೆ ವಿಜ್ಞಾನ ಕಲಿಸಿದವರು ನೀವು ಎಂದ. ಇಂಥ ಮಾತಿಗೆ ನಾನು ಬೀಳದೆ ಇರುವವನಲ್ಲ. ವೈನಿಯ ಫೋನು ನೆನಪಾಗಿ ಅಣ್ಣನನ್ನೂ ಕರೆದುಕೊಂಡೆ.

ಹೋದ ದಿನ ನಾನು ದಂಡೆಯ ಮೇಲೆ ನಿಂತು ಅರ್ಧ ಗಂಟೆ ಮಾತಾಡಿದೆ. ಈ ಹಲಗೆಗಳನ್ನು ಸಮುದ್ರಕ್ಕೆಂದು ಹದ ಮಾಡಿದ್ದಾರೆ, ಉಪ್ಪುನೀರು ಹೆಚ್ಚು ಎತ್ತುತ್ತದೆ, ಸಿಹಿನೀರು ಕಡಿಮೆ ಎತ್ತುತ್ತದೆ, ಆದ್ದರಿಂದ ಸಮಸ್ಯೆ ಎಂದು ಸಾಧಿಸಿ ತೋರಿಸಿದೆ. ಮಹಾಂತೇಶ ಕೈಕಟ್ಟಿ ಕೇಳಿದ. ಸಿಹಿನೀರು ಕಡಿಮೆ ಎತ್ತುವುದಾದರೆ ಹಲಗೆ ಹೆಚ್ಚು ಏಳುತ್ತಿರುವುದೇಕೆ ಎಂದು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ತಿರುಗಿ ನೋಡಿದರೆ ಅಣ್ಣ ಇರಲಿಲ್ಲ. ಧೋತರ ಎತ್ತಿ ಕಟ್ಟಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಹಲಗೆ ಹತ್ತಿರ ಹಾದುಹೋದಾಗ ತಲೆಯನ್ನು ಓರೆ ಮಾಡಿ ಒಂದು ಕಿವಿಯನ್ನು ನೀರೊಳಗೆ ಅದ್ದಿದ. ಅಲ್ಲಿದ್ದವರು ನಕ್ಕರು. ನನಗೆ ಅವನು ನನ್ನ ಅಣ್ಣನಾಗಿರುವುದು ಒಂದು ಗಳಿಗೆ ಮುಜುಗರವಾಯಿತು. ಈ ಮಾತನ್ನು ಬರೆಯದೆ ಬಿಡಬಹುದಿತ್ತು, ಆದರೆ ಉಳಿದದ್ದೆಲ್ಲ ಇದರಿಂದಲೇ ಬೆಳೆದದ್ದು.

ಮೇಲೆ ಬಂದವನು ಹಲಗೆಯನ್ನು ಮಗುಚಿ ಹಾಕಿಸಿ, ಹಿಂದಿನ ಸಣ್ಣ ರೆಕ್ಕೆಯನ್ನು ಬಿಚ್ಚಿದ. ರೆಕ್ಕೆಗೂ, ಎರಡು ರೆಕ್ಕೆಗಳನ್ನು ಜೋಡಿಸುವ ದಂಡಿಗೂ ನಡುವೆ ಕಂಪನಿಯವರೇ ಕೊಟ್ಟ ಒಂದು ಓರೆ ಚಕ್ಕೆ ಇರುತ್ತದೆ. ಬೆರಳಲ್ಲಿ ಸವರಿ, ನನಗೆ ಮಾತ್ರ ಕೇಳುವ ಹಾಗೆ, "ಚಕ್ಕಿ ಉಲ್ಟಾ ಕುಂತೈತಿ" ಅಂದ. ದಪ್ಪ ಬದಿ ಇರಬೇಕಾದಲ್ಲಿ ತೆಳು ಬದಿ ಇತ್ತು. ಹಿಂದಿನ ರೆಕ್ಕೆ ಬಾಲವನ್ನು ಅತಿಯಾಗಿ ಕೆಳಗೆ ಒತ್ತುತ್ತಿತ್ತು, ಮೂತಿ ಎದ್ದುಬಿಡುತ್ತಿತ್ತು. ನಾನು ಮಹಾಂತೇಶನತ್ತ ತಿರುಗಿ ಅದನ್ನೇ ದೊಡ್ಡ ದನಿಯಲ್ಲಿ, ಗ್ರಂಥದ ಭಾಷೆಯಲ್ಲಿ, ಬಲ ಮತ್ತು ಕೋನ ಎಂಬ ಪದಗಳನ್ನು ಸೇರಿಸಿ ವಿವರಿಸಿದೆ. ಆ ಹೊತ್ತಿಗೆ ಉಪ್ಪುನೀರಿನ ವಿಷಯವನ್ನು ನಾನೂ ಮರೆತಿದ್ದೆ, ಅವನೂ ಮರೆತಿದ್ದ.

ಆಮೇಲೆ ಎರಡು ತಿಂಗಳು, ವಾರಕ್ಕೆರಡು ಸಲ, ನಾವು ಹೋದೆವು. ಅಣ್ಣ ಬೆಳಗಿನ ಬಸ್ಸಿಗೆ ಜಮಖಂಡಿಗೆ ಬರುತ್ತಿದ್ದ, ಅಲ್ಲಿಂದ ಇಬ್ಬರೂ ಬೀಳಗಿಯ ಬಸ್ಸು. ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳೆದುಕೊಂಡು ದಾರಿ ಬಿಡದೆ ಹೋಗುವಾಗ ಅಣ್ಣ ಕಿಟಕಿಯಿಂದ ಬಗ್ಗಿ, ಹೇರು ಎಡಕ್ಕೆ ಹೆಚ್ಚಾಗಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಮನೆಯ ಡಬ್ಬಿಗಳು ಸಲೀಸಾಗಿ ತೆರೆಯತೊಡಗಿದವೆಂದು ವೈನಿ ಹೇಳಿದರು.

ಹಲಗೆಯ ಹೊಟ್ಟೆಯಲ್ಲಿ ಎರಡು ಗೆರೆಯಂಥ ಹಳ್ಳಗಳಿವೆ. ಬೋಲ್ಟು ಸಡಿಲಿಸಿದರೆ ಕಂಬವನ್ನು ಆ ಹಳ್ಳದಲ್ಲಿ ಮುಂದಕ್ಕೂ ಹಿಂದಕ್ಕೂ ಸರಿಸಬಹುದು. ಮುಂದೆ ಸರಿಸಿದರೆ ಮೂತಿ ಹೆಚ್ಚು ಏಳುತ್ತದೆ, ಹಿಂದೆ ಸರಿಸಿದರೆ ತಗ್ಗುತ್ತದೆ. ಮಗ್ಗದಲ್ಲಿ ಹಾಸಿನ ನೂಲು ಬಿಗಿಯಾದರೆ ಹರಿಯುತ್ತದೆ, ಸಡಿಲಾದರೆ ಜೋಲುತ್ತದೆ. ಅದಕ್ಕೆ ಹಿಂದೆ ತೂಗುಬಿಟ್ಟ ಭಾರವನ್ನು ಒಂದೊಂದೇ ಕಚ್ಚು ಸರಿಸುತ್ತ ಹದ ಹಿಡಿಯುತ್ತಾರೆ. ನಲವತ್ತು ವರ್ಷ ಅದನ್ನೇ ಮಾಡಿದವನಿಗೆ ಇದು ಹೊಸದಾಗಿ ಕಾಣಲಿಲ್ಲ. ಹಲಗೆಯ ಕಡೆ ಅವನು ನೋಡುತ್ತಲೇ ಇರಲಿಲ್ಲ, ಸವಾರನ ಮೊಣಕಾಲನ್ನು ನೋಡುತ್ತಿದ್ದ. ಮುಂದಿನ ಮೊಣಕಾಲು ನಡುಗಿದರೆ ಸವಾರ ಏಳುವ ಮೂತಿಯನ್ನು ತುಳಿದು ತುಳಿದು ದಣಿದಿದ್ದಾನೆ, ಕಂಬ ಹಿಂದಕ್ಕೆ. ಹಿಂದಿನ ಕಾಲು ಸೋತರೆ ಕಂಬ ಒಂದು ಬೆರಳು ಮುಂದಕ್ಕೆ. ಅಷ್ಟಕ್ಕೂ ಸರಿಹೋಗದಿದ್ದರೆ ಚಕ್ಕೆ ಬದಲಾಗಬೇಕು. ಕಂಪನಿಯವರು ಕೊಟ್ಟದ್ದು ಎರಡೇ ಚಕ್ಕೆ. ಅವನು ಅಟ್ಟದ ಮೇಲಿನ ಹಳೆಯ ಸೀರೆಪಟ್ಟಿಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಪಾಲಿಶ್ ಕಾಗದದಿಂದ ಉಜ್ಜಿ ಐದು ಬಗೆಯದನ್ನು ಮಾಡಿದ. ಅಂಚಿನಲ್ಲಿ ಎಲ್ಲೋ ಮುಕ್ಕಾದ ರೆಕ್ಕೆ ನೀರಿನಲ್ಲಿ ಸಿಳ್ಳೆ ಹೊಡೆಯುತ್ತದೆ ಎಂಬುದನ್ನೂ ಕಿವಿ ಅದ್ದಿಯೇ ಕಂಡುಹಿಡಿದ. ಯಾವುದನ್ನೂ ಮಹಾಂತೇಶನಿಗೆ ನೇರವಾಗಿ ಹೇಳುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಹೇಳುವನು, ನಾನು ಪಾಠ ಮಾಡುವೆ, ಅವನು ಪಾನಾ ಹಿಡಿದು ಬೋಲ್ಟು ತಿರುವುವನು. ನೋಡಿದವರಿಗೆ ಏನು ಕಂಡಿತು ಎಂದು ನೀವೇ ಊಹಿಸಿ.

ಒಂದು ದಿನ ಮಹಾಂತೇಶ ಒತ್ತಾಯ ಮಾಡಿ ಅಣ್ಣನನ್ನೇ ಹಲಗೆಯ ಮೇಲೆ ಮೊಣಕಾಲೂರಿ ಕೂರಿಸಿದ. ನಾನು ಮೊದಲೇ ಪ್ರಯತ್ನಿಸಿ ಮೂರು ಸಲ ಬಿದ್ದು, ಕನ್ನಡಕವನ್ನು ಹಿನ್ನೀರಿಗೆ ಅರ್ಪಿಸಿದ್ದೆ. ಅಣ್ಣ ಸ್ವಲ್ಪ ದೂರ ನೀರನ್ನು ಸೀಳುತ್ತ ಹೋದ. ಆಮೇಲೆ ಹಲಗೆ ಎದ್ದಿತು. ಎದ್ದದ್ದು ಗೊತ್ತೇ ಆಗದಷ್ಟು ಮೆಲ್ಲಗೆ ಎದ್ದಿತು. ಬಿಳಿ ಅಂಗಿಯ ಮುದುಕ, ನೀರಿನ ಮೇಲೆ ಏನನ್ನೂ ಮುಟ್ಟದೆ, ಐವತ್ತು ಮಾರು ಹೋಗಿ ತಿರುಗಿ ಬಂದ. ನನ್ನ ಅಣ್ಣ ಇಷ್ಟು ಸಂತೋಷವಾಗಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅವನೇ ಮಾತು ತೆಗೆದ. ಹಲಗೆಗಳನ್ನು ನೋಡಿಕೊಳ್ಳಲು ಅಲ್ಲೇ ಇರುವಂಥ ಒಬ್ಬ ಕಾಯಂ ಮನುಷ್ಯ ಬೇಕೆಂದು ಮಹಾಂತೇಶ ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು.

"ತಮ್ಮಾ, ಅಲ್ಲೆ ನನಗೊಂದು ಕೆಲಸ ಆಗತೈತೇನು, ಕೇಳಿ ನೋಡ್ತೀಯೇನು?" ಅಂದ. ಸ್ವಲ್ಪ ತಡೆದು, "ಪಗಾರ ಎಷ್ಟರ ಇರ್ಲಿ. ಮನ್ಯಾಗ ಕುಂತು ಕುಂತು ಕೈ ಸಾಯಾಕತ್ತಾವ" ಅಂದ.

ಅರವತ್ತೈದು ವರ್ಷದಲ್ಲಿ ಅವನು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ. ನಾನು ಅವನ ತೊಡೆಯ ಮೇಲೆ ಕೈಯಿಟ್ಟು, ಆಯಿತೆಂದೇ ತಿಳಿ ಎಂದೆ. ಮಾತಾಡುವುದು ನನಗೆ ಯಾವಾಗಲೂ ಸುಲಭ.

ಮನೆಗೆ ಬಂದವನು ಒಂದು ಒಳ್ಳೆಯ ಕೆಲಸ ಮಾಡಲು ಹೊರಟೆ. ಮಾಲೀಕರಿಗೆ ತೋರಿಸಲು ಏನಾದರೂ ಬೇಕಲ್ಲ, ಅಣ್ಣನ ಕೆಲಸವನ್ನೆಲ್ಲ ಬರೆದಿಟ್ಟರೆ ಅವನ ಯೋಗ್ಯತೆ ತಿಳಿಯುತ್ತದೆ ಎಂದು ನನ್ನ ಲೆಕ್ಕ. ದೊಡ್ಡ ಹಾಳೆಯ ಮೇಲೆ ಕೋಷ್ಟಕ ಎಳೆದೆ. ಸವಾರನ ತೂಕ ಇಷ್ಟಿದ್ದರೆ ಕಂಬ ಯಾವ ಗುರುತಿಗೆ, ಚಕ್ಕೆ ಯಾವುದು, ಕಾಲು ಎಲ್ಲಿಡಬೇಕು, ಬ್ಯಾಟರಿ ಎಷ್ಟು ಹಿಂದೆ. ಅಣ್ಣನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿ ತುಂಬಿದೆ. ಐದು ಚಕ್ಕೆಗಳಿಗೆ ಮಾರ್ಕರಿನಿಂದ ಒಂದು, ಎರಡು ಎಂದು ಅಂಕಿ ಹಾಕಿದೆ. ಅಂಕಿ ಯಾಕೆ, ಬೆರಳಿಗೆ ಗೊತ್ತಾಗುತ್ತದಲ್ಲ ಎಂದ. ನಿನ್ನ ಬೆರಳು ಎಲ್ಲರಿಗೂ ಇರುವುದಿಲ್ಲಪ್ಪ ಎಂದು ನಾನು ತಮಾಷೆ ಮಾಡಿದೆ. ಕೆಳಗೆ, ಅಭ್ಯಾಸಬಲದಿಂದ, ನನ್ನ ಹೆಸರು ಬರೆದು ಸಹಿ ಹಾಕಿದೆ. ಮೂವತ್ತು ವರ್ಷ ಹಾಜರಿ ಪುಸ್ತಕಕ್ಕೂ ಪ್ರಶ್ನೆಪತ್ರಿಕೆಗೂ ಸಹಿ ಹಾಕಿದ ಕೈ ಅದು. ಅಭ್ಯಾಸಬಲ ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಮಹಾಂತೇಶ ಅದನ್ನು ದೊಡ್ಡದಾಗಿ ಮುದ್ರಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಹಾಕಿದ. ಮಾಲೀಕರು ಅತಿಥಿಗಳೊಂದಿಗೆ ಬಂದ ದಿನ ನಮ್ಮನ್ನೂ ಕರೆಸಿದ್ದ. ಅವರ ಅತಿಥಿಗಳಲ್ಲಿ ಹಗುರಾದವರು, ಭಾರವಾದವರು ಎಲ್ಲರೂ ಹಾರಿದರು, ಒಬ್ಬರೂ ಬೀಳಲಿಲ್ಲ. ಮಾಲೀಕರು ಕೋಷ್ಟಕದ ಮುಂದೆ ನಿಂತು, ಇದನ್ನು ಯಾರು ಕಂಡುಹಿಡಿದದ್ದು ಎಂದು ಕೇಳಿದರು. ನಮ್ಮ ಸರ್ ಎಂದು ಮಹಾಂತೇಶ ನನ್ನತ್ತ ಕೈತೋರಿದ, ಅವನ ಮುಖದಲ್ಲಿ ನನ್ನ ಬಗ್ಗೆ ಹೆಮ್ಮೆಯಿತ್ತು. ಅಣ್ಣ ಹೊರಗೆ ದಂಡೆಯಲ್ಲಿ ಹಲಗೆಗಳ ಮರಳು ತೊಳೆಯುತ್ತಿದ್ದ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಚಹಾ ಆಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಚಹಾಕ್ಕಿಂತ ಮೊದಲು ಶಾಲು ಬಂತು. ಹೆಗಲ ಮೇಲೆ ಶಾಲು ಬಿದ್ದ ಮೇಲೆ ಹೇಳುವುದು ಶಾಲು ಹೊದಿಸಿದವರಿಗೆ ಅವಮಾನ ಮಾಡಿದಂತೆ ಅನ್ನಿಸಿತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಎಷ್ಟು ಚೆಂದದ ಕಾರಣಗಳು ಸಿಗುತ್ತವೆ ನೋಡಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಒಬ್ಬನದು, ಬಾಯಿ ಇನ್ನೊಬ್ಬನದು ಆದರೂ ನಡೆಯುತ್ತದೆ.

ಹೊರಡುವ ಮುಂಚೆ, ಅಣ್ಣನ ಕೆಲಸದ ಮಾತನ್ನು ಮಾತ್ರ ಎತ್ತಿದೆ. ಮಾಲೀಕರು ಒಳ್ಳೆಯವರು, ಗಮನವಿಟ್ಟು ಕೇಳಿದರು. ಸರ್, ನೀವು ಇಷ್ಟು ಸ್ಪಷ್ಟವಾಗಿ ಬರೆದುಕೊಟ್ಟ ಮೇಲೆ ಯಾರು ಬೇಕಾದರೂ ಮಾಡಬಹುದಲ್ಲ, ವಯಸ್ಸಾದವರಿಗೆ ಯಾಕೆ ತೊಂದರೆ ಎಂದರು. ಕರಾವಳಿಯಿಂದ ಸರ್ಟಿಫಿಕೇಟ್ ಇರುವ ಒಬ್ಬ ಮೆಕ್ಯಾನಿಕ್ಕನ್ನು ಗೊತ್ತುಮಾಡಿ ಆಗಿತ್ತು. ನಾನು ಬರೆದ ಹಾಳೆಯೇ ಅಣ್ಣನನ್ನು ಬೇಡವಾಗಿಸಿತ್ತು. ಅವನ ಬೆರಳಲ್ಲಿ ಇದ್ದಷ್ಟು ದಿನ ಅವರಿಗೆ ಅವನು ಬೇಕಾಗಿದ್ದ, ಅದನ್ನು ಬಿಡಿಸಿ ಗೋಡೆಗೆ ಹಾಕಿಕೊಟ್ಟವನು ನಾನು.

ಬಸ್ಸಿನಲ್ಲಿ ಅಣ್ಣನಿಗೆ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ, ಕೆಲಸ ಆಗಲಿಲ್ಲ ಎಂದಷ್ಟೇ ಹೇಳಿದೆ. ಶಾಲು ನನ್ನ ಚೀಲದಲ್ಲಿತ್ತು. ಅವನು ಕಿಟಕಿಯ ಸಡಿಲ ತಿರುಪೊಂದನ್ನು ಬೆರಳಲ್ಲೇ ಬಿಗಿಮಾಡಿದ.

"ಗ್ವಾಡಿ ಮ್ಯಾಲೆ ಹಾಕ್ಯಾರಲ್ಲ, ನೋಡಿದೆ. ನಿನ್ನ ಅಕ್ಷರ ಭಾಳ ಛಲೋ ಅದಾವ" ಅಂದ. ಅವನು ಏಳನೇ ಇಯತ್ತೆಯವರೆಗೆ ಓದಿದವನು. ಕೆಳಗಿನ ಹೆಸರನ್ನು ಓದಲು ಅಷ್ಟು ಸಾಕು.

ಅಲ್ಲಿಗೆ ಮುಗಿಯಬೇಕಿತ್ತು. ಮಳೆಗಾಲ ಕಳೆದ ಮೇಲೆ ಕೇಂದ್ರಕ್ಕೆ ಹೊಸ ರೆಕ್ಕೆಗಳು ಬಂದವು, ಮೊದಲಿನವಕ್ಕಿಂತ ಅಗಲವಾದವು. ನನ್ನ ಕೋಷ್ಟಕ ಅವುಗಳಿಗೆ ಕೆಲಸಕ್ಕೆ ಬರಲಿಲ್ಲ. ಹಲಗೆಗಳು ಮತ್ತೆ ಮುಂಗಾಲೆತ್ತಿದವು, ಯಾರದೋ ಭುಜ ಜಾರಿತು. ಮಹಾಂತೇಶನ ಫೋನು ಬಂತು, ಸರ್ ನೀವೇ ಬರಬೇಕು ಎಂದ. ನನಗೆ ಬರುವುದಿಲ್ಲ ಎಂಬ ಒಂದು ಮಾತು ಆಗಲಾದರೂ ಹೇಳಬಹುದಿತ್ತು. ನಾನು ಹ್ಞೂಂ ಎಂದು ಹೇಳಿ, ರಬಕವಿಯ ಬಸ್ಸು ಹತ್ತಿದೆ. ಅಣ್ಣ ಕಟ್ಟೆಯ ಮೇಲೆ ಕೂತು ಒಂದು ಛತ್ರಿಯ ಕಡ್ಡಿಗಳನ್ನು ಬಿಗಿಮಾಡುತ್ತಿದ್ದ. ವಿಷಯ ಕೇಳಿ ಒಳಗೆ ಹೋದ. ಬರುವುದಿಲ್ಲ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನು ಬೈದಿದ್ದರೆ ನನಗೆ ಉಸಿರಾಡಲು ಬರುತ್ತಿತ್ತು. ಅವನು ಪಾನಾದ ಚೀಲ ತೆಗೆದುಕೊಂಡು ಹೊರಗೆ ಬಂದ.

ಕೇಂದ್ರದ ಬಾಗಿಲಲ್ಲೇ ಆ ಕರಾವಳಿಯ ಮೆಕ್ಯಾನಿಕ್ ಎದುರಾದ. ನನಗೆ ಕೈಮುಗಿದು, ನನ್ನ ಹಿಂದಿದ್ದವನನ್ನು ನೋಡಿ, "ಇವರು ಯಾರು ಸರ್?" ಎಂದು ಕೇಳಿದ. ನಾನು ಬಾಯಿ ತೆರೆದೆ. ಈ ಸಲ ಹೇಳುವವನಿದ್ದೆ, ಬೇಕಾದರೆ ನಂಬಿ, ಬೇಡವಾದರೆ ಬಿಡಿ.

"ಮಾಸ್ತರ ಜೋಡಿ ಬಂದೇನ್ರಿ" ಅಂದ ಅಣ್ಣ. "ಪಾನಾ ಹಿಡ್ಯಾಕ."

ಇಡೀ ಮುಂಜಾನೆ ಅವನು ನೀರಿಗಿಳಿದು, ಕಿವಿ ಅದ್ದಿ, ಮೊಣಕಾಲು ನೋಡಿ, ಹೊಸ ಚಕ್ಕೆ ಉಜ್ಜಿ, ಪ್ರತಿಯೊಂದನ್ನೂ ನನ್ನ ಕಿವಿಯಲ್ಲಿ ಹೇಳಿದ. ನಾನು ಅದನ್ನು ಗಟ್ಟಿಯಾಗಿ ಹೇಳಿದೆ. ಮೆಕ್ಯಾನಿಕ್ ಬರೆದುಕೊಂಡ. ಮಧ್ಯಾಹ್ನ ಹಲಗೆಗಳು ಸರಾಗವಾಗಿ ಎದ್ದವು. ಊಟಕ್ಕೆ ಮಾಲೀಕರೂ ಬಂದಿದ್ದರು. ಅವರ ಮೇಜಿಗೆ ನನ್ನನ್ನು ಕೂರಿಸಿದರು. ಅಣ್ಣ ಕೆಲಸದವರ ಜೊತೆ ಹೊರಗೆ ಕೂತ. ಕೊನೆಗೆ ಹೇಳಿಯೇಬಿಟ್ಟೆ: ಕೋಷ್ಟಕದಲ್ಲಿರುವುದೆಲ್ಲ ನಮ್ಮ ಅಣ್ಣನದು, ಇವತ್ತಿನದೂ ಅವನದೇ, ನನಗೆ ಇದರಲ್ಲಿ ಒಂದು ಬೋಲ್ಟಿನಷ್ಟೂ ಗೊತ್ತಿಲ್ಲ. ಮಾಲೀಕರು ನನ್ನ ಕೈಹಿಡಿದು, ಈ ಕಾಲದಲ್ಲೂ ಇಂಥ ವಿನಯವಂತರು ಇದ್ದಾರಲ್ಲ ಎಂದು ಕಣ್ಣು ತುಂಬಿಕೊಂಡರು. ನಮ್ಮ ಸರ್ ಮೊದಲಿನಿಂದಲೂ ಹಾಗೆಯೇ ಎಂದ ಮಹಾಂತೇಶ. ಸುಳ್ಳು ಹೇಳುವ ಹೊತ್ತಿನಲ್ಲಿ ಸುಮ್ಮನಿದ್ದವನು ಸತ್ಯ ಹೇಳಿದರೆ ಅದಕ್ಕೂ ಅವನಿಗೇ ಶಾಲು ಹೊದಿಸುತ್ತಾರೆ.

ಅದಾದ ಮೇಲೆ ಇನ್ನೂ ಮೂರು ಸಲ ಹೋಗಿದ್ದೇವೆ. ಬರಬೇಡ ಎಂದು ಅಣ್ಣನಿಗೆ ಹೇಳಿ ನೋಡಿದೆ, ಜಗಳ ಮಾಡಿ ನೋಡಿದೆ, ಮಹಾಂತೇಶನ ಫೋನು ಎತ್ತದೆಯೂ ನೋಡಿದೆ. ಮಹಾಂತೇಶ ಈಗ ಅಣ್ಣನಿಗೇ ಫೋನು ಮಾಡಿ, ಸರ್‌ನ ಕರ್ಕೊಂಡು ಬರ್ರಿ ಎನ್ನುತ್ತಾನೆ. ಅಣ್ಣ ಬಂದು ಕರೆದುಕೊಂಡು ಹೋಗುತ್ತಾನೆ. ಆ ನೀರು, ಆ ಹಲಗೆ ಅವನಿಗೆ ಬೇಕು, ಅಲ್ಲಿಗೆ ಹೋಗಲು ನಾನು ಬೇಕು. ಇದು ಪ್ರೀತಿಯೋ ಶಿಕ್ಷೆಯೋ ನನಗೆ ತಿಳಿದಿಲ್ಲ, ಕೇಳುವ ಧೈರ್ಯವೂ ಇಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಅವನು ತಂದ ಶೇಂಗಾ ತಿನ್ನುತ್ತ, ಮಕ್ಕಳು ಮೊಮ್ಮಕ್ಕಳ ಮಾತಾಡುತ್ತ ಹೋಗುತ್ತೇವೆ. ಬೀಳಗಿ ದಾಟಿ ಇಳಿದ ಮೇಲೆ ಕೇಂದ್ರದವರೆಗೆ ಅರ್ಧ ಮೈಲಿ ಮಣ್ಣುದಾರಿ. ಅಲ್ಲಿ ಅಣ್ಣ ಚೀಲವನ್ನು ಹೆಗಲಿಗೇರಿಸಿ ನನ್ನಿಂದ ಎರಡು ಹೆಜ್ಜೆ ಹಿಂದೆ ಬೀಳುತ್ತಾನೆ. ಅವನು ಜೊತೆಗೆ ಬರಲೆಂದು ನಾನು ನಿಲ್ಲುತ್ತೇನೆ. ಅವನೂ ನಿಲ್ಲುತ್ತಾನೆ.